ಇಗರ್ಜಿ ಕಚೇರಿಯ ಹಳೇ ಜ್ಞಾನಸ್ನಾನ ಪುಸ್ತಕ: ಐದಕ್ಕೆ ನಾಲ್ಕು ಸ್ಟಾರ್

ಮುತ್ತಜ್ಜ ಮುತ್ತಜ್ಜಿಯ ದಾಖಲೆ ಹುಡುಕಿಕೊಂಡು ದಕ್ಷಿಣ ಕನ್ನಡದ ಹಳೇ ಇಗರ್ಜಿಗಳಿಗೆ, ಅಂದರೆ ಚರ್ಚುಗಳಿಗೆ, ಹೋಗುವವರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸರ್ಟಿಫಿಕೇಟ್ ಕೊಡಿ ಅಂತ ಕೇಳಬೇಡಿ, ಜ್ಞಾನಸ್ನಾನ (ಬ್ಯಾಪ್ಟಿಸಂ) ದಾಖಲಿಸಿದ ಪುಸ್ತಕ ತೋರಿಸಿ ಅಂತ ಕೇಳಿ. ಬೇಕಾದ್ದೆಲ್ಲ ಇರೋದು ಪುಸ್ತಕದ ಅಂಚಿನಲ್ಲಿ.

ನಾವು ಘಟ್ಟದ ಮೇಲಿನವರು. ಮುತ್ತಜ್ಜ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸಕ್ಕೆ ಅಂತ ಹತ್ತಿ ಬಂದವರು, ಮತ್ತೆ ಇಳಿಯಲೇ ಇಲ್ಲ. ಕೆಳಗಿನ ಊರು ಯಾವುದು ಅಂತ ಮನೆಯಲ್ಲಿ ಗೊತ್ತಿತ್ತು. ಮುತ್ತಜ್ಜಿ ಯಾವ ಮನೆಯವಳು ಅನ್ನೋದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಅಷ್ಟು ತಿಳಿದರೆ ಸಾಕು ಅಂತ ಹೋದೆ. ಇಗರ್ಜಿಯ ಹೆಸರು ಬರೆಯುವುದಿಲ್ಲ. ಮುಂದೆ ಒಂದು ದೂರು ಹೇಳುವುದಿದೆ.

ಕಚೇರಿ ನೋಡಿಕೊಳ್ಳುವ ಹೆಂಗಸು, ಕೊಂಕಣಿಯಲ್ಲಿ ಬಾಯಿ ಅಂತಾರೆ, ಒಳ್ಳೆಯವರು. ಎದುರಿಗೆ ಮದುವೆ ಕಾಗದಕ್ಕೆ ಬಂದ ಎರಡು ಜೋಡಿ ಕೂತಿದ್ದರೂ ನನ್ನನ್ನು ವಾಪಸ್ ಕಳಿಸಲಿಲ್ಲ. "ಹುಟ್ಟಿದ ವರ್ಷ ಗೊತ್ತುಂಟಾ?" ಅಂತ ಕೇಳಿದರು. ಮುತ್ತಜ್ಜನದು ಸುಮಾರು 1890ರಿಂದ 95ರ ಒಳಗೆ ಅಂದೆ. "ತಂದೆ ತಾಯಿ ಹೆಸರು?" ತಂದೆಯದು ಗೊತ್ತು, ತಾಯಿಯದು ಅರ್ಧ ಗೊತ್ತು. "ಹುಡುಕುವಾ" ಅಂದರು. ಫೀಸು ಅಂತ ಏನೂ ಕೇಳಲಿಲ್ಲ. ಕಾಣಿಕೆ ಡಬ್ಬಿ ಕಡೆ ಒಮ್ಮೆ ನೋಡಿದರು, ಅಷ್ಟೇ.

ತಂದೆ ತಾಯಿಯ ಹೆಸರು ಯಾಕೆ ಬೇಕು ಅಂದರೆ, ಬರೀ ಹೆಸರು ಹಿಡಿದು ಹೋದರೆ ಕೆಲಸ ಆಗೋದಿಲ್ಲ. ನಮ್ಮಲ್ಲಿ ಮೊದಲ ಗಂಡುಮಗುವಿಗೆ ಅಪ್ಪನ ಅಪ್ಪನ ಹೆಸರಿಡುವ ಪದ್ಧತಿ. ಒಬ್ಬ ಅಜ್ಜನಿಗೆ ನಾಲ್ಕು ಗಂಡುಮಕ್ಕಳಿದ್ದರೆ ಒಂದೇ ಹೆಸರಿನ, ಒಂದೇ ಅಡ್ಡಹೆಸರಿನ ನಾಲ್ಕು ಮೊಮ್ಮಕ್ಕಳು. ಅಡ್ಡಹೆಸರು ಡಿಸೋಜ ಆದರಂತೂ ಮುಗಿಯಿತು, ಅರ್ಧ ಊರೇ ಅದು. ಸಾಲದ್ದಕ್ಕೆ ಪುಸ್ತಕ ಲ್ಯಾಟಿನ್‌ನಲ್ಲಿ. ಮನೆಯಲ್ಲಿ ಜುವಾಂವ್ ಅಂತ ಕರೆಸಿಕೊಂಡವರು ಅಲ್ಲಿ ಯೊವಾನ್ನೆಸ್.

ಇಂಥ ಕಡೆ ಕೈ ಹಿಡಿಯೋದು ಜ್ಞಾನ ತಂದೆ, ಜ್ಞಾನ ತಾಯಿಯ (ಗಾಡ್‌ಫಾದರ್, ಗಾಡ್‌ಮದರ್) ಹೆಸರು. ಸಾಮಾನ್ಯವಾಗಿ ಅವರು ಮಗುವಿನ ಚಿಕ್ಕಪ್ಪನೋ, ಅತ್ತೆಯೋ, ಅಜ್ಜಿಯೋ ಆಗಿರುತ್ತಾರೆ. ಒಂದು ಮನೆಯ ಮಕ್ಕಳ ದಾಖಲೆಗಳನ್ನೆಲ್ಲ ಸಾಲಾಗಿ ಬರೆದುಕೊಂಡು ಈ ಹೆಸರುಗಳನ್ನು ಜೋಡಿಸಿದರೆ ಇಡೀ ಕುಟುಂಬ ಎದ್ದು ಬರುತ್ತದೆ. ಹಾಗೆ ಬರೆದುಕೊಳ್ಳುವಾಗಲೇ ಮುತ್ತಜ್ಜನಿಗೆ ಒಬ್ಬಳು ತಂಗಿ ಇದ್ದದ್ದು ಗೊತ್ತಾಯಿತು. ಮಗು ಉಳಿಯುವ ಹಾಗಿಲ್ಲ ಅಂತ ಸೂಲಗಿತ್ತಿಯೇ ಮನೆಯಲ್ಲಿ ನೀರು ಹೊಯ್ದು ಜ್ಞಾನಸ್ನಾನ ಕೊಟ್ಟಳು ಅಂತ ಪಾದ್ರಿ ಬರೆದಿಟ್ಟಿದ್ದಾರೆ. ಪ್ರಾಣಾಪಾಯ ಇದ್ದರೆ ಯಾರು ಬೇಕಾದರೂ ಕೊಡಬಹುದು, ಅದು ಕಥೋಲಿಕ ಧರ್ಮಸಭೆಯ ನಿಯಮ. ಉಳಿದ ವಿಧಿಗಳನ್ನು ಆಮೇಲೆ ಇಗರ್ಜಿಯಲ್ಲಿ ಮುಗಿಸಿದ್ದಾರೆ. ಅಂದರೆ ಅಷ್ಟು ದಿನವಾದರೂ ಬದುಕಿದ್ದಳು. ನಮ್ಮ ಮನೆಯಲ್ಲಿ ಯಾರೂ ಅವಳ ಸುದ್ದಿ ಎತ್ತಿದ್ದಿಲ್ಲ.

ಈಗ ದೂರು. ಮೊದಲು ನನಗೆ ಸಿಕ್ಕಿದ್ದು ಸರ್ಟಿಫಿಕೇಟ್. ಅಚ್ಚಾದ ಫಾರಂ, ಸೀಲು, ಫಾದರ್ ಸಹಿ, ಎಲ್ಲ ಅಚ್ಚುಕಟ್ಟು. ಕೊನೆಯಲ್ಲಿ ಟಿಪ್ಪಣಿ ಅಂತ ಒಂದು ಸಾಲು ಇರುತ್ತದೆ. ಅಲ್ಲಿ ಸುಮ್ನೆ ಒಂದು ಗೆರೆ ಎಳೆದಿದ್ದರು. ಆ ಗೆರೆ ನೋಡಿ ನನಗೆ ಸಮಾಧಾನ ಆಗಲಿಲ್ಲ. 1908ರಿಂದ ಕಥೋಲಿಕರಲ್ಲಿ ಒಂದು ಕಟ್ಟುನಿಟ್ಟು ಇದೆ. ಯಾರಾದರೂ ಮದುವೆಯಾದರೆ, ಮದುವೆ ನಡೆದ ಇಗರ್ಜಿಯವರು ಜ್ಞಾನಸ್ನಾನ ಆದ ಇಗರ್ಜಿಗೆ ತಿಳಿಸಬೇಕು. ಅವರು ಹಳೇ ಪುಟ ತೆಗೆದು ಆ ಹೆಸರಿನ ಪಕ್ಕ ಬರೆದುಕೊಳ್ಳಬೇಕು. ಎರಡನೇ ಮದುವೆ ಕದ್ದು ಆಗದಿರಲಿ ಅಂತ ಮಾಡಿದ ವ್ಯವಸ್ಥೆ, ವಂಶ ಹುಡುಕುವ ನಮಗೆ ಅದೇ ದಾರಿದೀಪ. ಈಗಿನ ಸಭಾ ಕಾನೂನಿನ ಪ್ರಕಾರ ಆ ಟಿಪ್ಪಣಿಯನ್ನು ಸರ್ಟಿಫಿಕೇಟ್‌ನಲ್ಲೂ ಬರೆಯಲೇಬೇಕು.

ಬಾಯಿಯನ್ನು ಕೇಳಿದೆ. ಬೇಜಾರು ಮಾಡಿಕೊಳ್ಳದೆ ಪುಸ್ತಕ ತಂದು ಮೇಜಿನ ಮೇಲಿಟ್ಟು, ಪುಟ ಅವರೇ ತಿರುಗಿಸಿದರು. ಮುಟ್ಟುವ ಹಾಗಿಲ್ಲ, ಫೋಟೋನೂ ಇಲ್ಲ. ಅದು ಸರಿಯೇ. ಹಳೇ ಶಾಯಿ ಕಾಗದವನ್ನೇ ತಿಂದುಹಾಕಿದೆ, ಕೆಲವು ಅಕ್ಷರದ ಜಾಗದಲ್ಲಿ ತೂತು. ನಮ್ಮ ಸಾಲು ಸಿಕ್ಕಿತು. ಕಂದು ಶಾಯಿ, ಓರೆ ಅಕ್ಷರ. ಎಡ ಅಂಚಿನಲ್ಲಿ ನೀಲಿ ಶಾಯಿಯಲ್ಲಿ, ಬೇರೆ ಯಾರದ್ದೋ ಕೈಯಲ್ಲಿ, ಇರುವೆ ಸಾಲಿನಷ್ಟು ಸಣ್ಣಗೆ: ಮದುವೆ 1919, ಘಟ್ಟದ ಮೇಲಿನ ಇಂಥ ಇಗರ್ಜಿ, ವಧುವಿನ ಹೆಸರು, ತವರಿನ ಅಡ್ಡಹೆಸರು ಸಮೇತ. ನನಗೆ ಬೇಕಿದ್ದದ್ದು ಅದೇ! ಸರ್ಟಿಫಿಕೇಟ್ ಬರೆದವರಿಗೆ ಇದು ಕಾಣಲಿಲ್ಲವೋ, ಸತ್ತು ಎಷ್ಟೋ ವರ್ಷ ಆದವರಿಗೆ ಯಾಕೆ ಅಂತ ಬಿಟ್ಟರೋ. ಒಂದು ಸ್ಟಾರ್ ಕಡಿಮೆ ಮಾಡಿದ್ದು ಇದಕ್ಕೇ.

ಎಷ್ಟು ಹಿಂದಕ್ಕೆ ಹೋಗಬಹುದು ಅಂತ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. 1784ರಲ್ಲಿ ಟಿಪ್ಪು ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದಾಗ ಬಹುಪಾಲು ಇಗರ್ಜಿಗಳು ನೆಲಸಮ ಆದವು. ಬದುಕುಳಿದವರು ಊರಿಗೆ ಮರಳಿದ್ದು 1799ರ ನಂತರ. ಅದಕ್ಕಿಂತ ಹಳೇ ಪುಸ್ತಕ ಸಿಗೋದು ಅಪರೂಪ. ಅದರ ಮೇಲೆ ಇನ್ನೊಂದು ಗೋಜಲು ಇದೆ. 1880ರ ದಶಕದ ತನಕ ಇಲ್ಲಿನ ಕೆಲವು ಇಗರ್ಜಿ ಗೋವಾದ ಆರ್ಚ್‌ಬಿಷಪ್ ಕೈಕೆಳಗೆ, ಕೆಲವು ಮಂಗಳೂರಿನವರ ಕೈಕೆಳಗೆ. ಒಂದು ಕುಟುಂಬ ಇದ್ದಕ್ಕಿದ್ದಂತೆ ಪುಸ್ತಕದಿಂದ ಮಾಯವಾದರೆ ಸತ್ತರು ಅಂತಲೇ ತಿಳಿಯಬೇಡಿ, ಇನ್ನೊಬ್ಬರ ಕೈಕೆಳಗಿನ ಪಕ್ಕದ ಇಗರ್ಜಿಗೆ ಸೇರಿರಬಹುದು, ಅಲ್ಲೂ ಕೇಳಿ. ನಿಮ್ಮ ಊರಿನ ಇಗರ್ಜಿ ಹೊಸದಾದರೆ ಅದು ಯಾವ ದೊಡ್ಡ ಇಗರ್ಜಿಯಿಂದ ಬೇರೆಯಾದದ್ದು ಅಂತ ಹುಡುಕಿ. ಹಳೇ ದಾಖಲೆ ಅಲ್ಲಿರುತ್ತದೆ.

ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ಆಗೋದಿಲ್ವಾ ಅಂತ ಮಗ ಕೇಳಿದ. ವಂಶದ ದಾಖಲೆ ಹುಡುಕುವ ಫ್ಯಾಮಿಲಿ ಸರ್ಚ್ ವೆಬ್‌ಸೈಟ್ ಪುಕ್ಕಟೆ, ನೋಡೋದರಲ್ಲಿ ನಷ್ಟ ಇಲ್ಲ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಮದ್ರಾಸ್ ಪ್ರಾಂತ್ಯದ ಜ್ಞಾನಸ್ನಾನ, ಮದುವೆ, ಸಮಾಧಿಯ ಪಟ್ಟಿಗಳೂ ಇವೆ. ಆದರೆ ಅವು ಹೆಚ್ಚಾಗಿ ಬಿಳಿಯರದ್ದು, ಆಂಗ್ಲೋ ಇಂಡಿಯನ್ನರದ್ದು. ತೋಟದ ರೈಟರ್‌ನ ಹೆಸರು ಅಲ್ಲಿ ಯಾರು ಬರೆಯುತ್ತಾರೆ? ಪ್ರಾಟೆಸ್ಟಂಟರ ಬಾಸೆಲ್ ಮಿಶನ್ ಕಡೆಯವರಾದರೆ ಕಥೆ ಬೇರೆ, ಅವರು ಮಂಗಳೂರಿನ ಬಲ್ಮಠದ ಥಿಯಾಲಾಜಿಕಲ್ ಕಾಲೇಜಿನ ದಾಖಲೆ ಭಂಡಾರದಿಂದ ಶುರು ಮಾಡಬಹುದು.

ಹೋಗುವುದಾದರೆ ಫೋನ್ ಮಾಡಿ, ವಾರದ ನಡುವೆ ಹೋಗಿ. ಭಾನುವಾರ ಬಲಿಪೂಜೆ (ಇಗರ್ಜಿಯ ಮಾಸ್) ಮುಗಿದ ಮೇಲೆ ಬಾಯಿಗೆ ಉಸಿರಾಡಲು ಪುರುಸೊತ್ತಿರೋದಿಲ್ಲ. ಜೋರು ಮಳೆಯ ದಿನ ಪುಸ್ತಕ ಹೊರಗೆ ತೆಗೆಯಲ್ಲ. ನೀವು ಆ ಮನೆಯವರೇ ಅಂತ ತೋರಿಸಲು ನಿಮ್ಮದೂ ಅಪ್ಪನದೂ ಜ್ಞಾನಸ್ನಾನ ಪತ್ರ ಕೈಯಲ್ಲಿರಲಿ, ಕೆಲವು ಕಡೆ ಬಿಷಪ್ ಕಚೇರಿಯ ಪತ್ರವನ್ನೂ ಕೇಳುತ್ತಾರೆ. ಬರೆದುಕೊಳ್ಳಲು ಪೆನ್ಸಿಲ್ ಒಯ್ಯಿರಿ. ನನ್ನ ಪೆನ್ನನ್ನು ಬಾಯಿ ಬಾಗಿಲಲ್ಲೇ ಇಸ್ಕೊಂಡರು.