ಶೆವ್ಟೊ ಮೀನಿನ ಕಿವಿರು, ಮೂರು ಬಗೆಯ ಸ್ಲೈಡು

ಗೋವಾದ ಮಾಂಡವಿ ನದಿಯ ಶೆವ್ಟೊ, ಅಂದರೆ ಮಲೆಟ್ ಮೀನಿನ ಕಿವಿರಲ್ಲಿ ಟ್ರೈಕೊಡೈನಾ ಅನ್ನೋ ಸಿಲಿಯೇಟ್ (ಸಣ್ಣ ರೋಮಗಳಿರುವ ಏಕಕೋಶ ಜೀವಿ) ಹುಡುಕೋಕೆ ಈ ವರ್ಷ ಮೂರು ದಾರಿ ಹಿಡಿದೆ: ಹಸಿ ಸ್ಲೈಡು, ಗೀಮ್ಸಾ ಅನ್ನೋ ಬಣ್ಣ, ಸಿಲ್ವರ್ ನೈಟ್ರೇಟ್. ಒಂದನ್ನೇ ಆರಿಸಿಕೋ ಅಂದರೆ ಸಿಲ್ವರ್ ಅಂತೀನಿ. ನನ್ನನ್ನು ಹೆಚ್ಚು ಗೋಳು ಹೊಯ್ದುಕೊಂಡಿದ್ದೂ ಅದೇ.

ಹಸಿ ಸ್ಲೈಡಿಗೆ ಖರ್ಚಿಲ್ಲ. ರಿಬಂದರ್ ಫೆರಿ ಹತ್ತಿರ ಬಲೆ ಬೀಸುವವರಿಂದ ಜೀವಂತ ಮೀನು ತಂದು, ಕಿವಿರಿನ ಎಳೆಯ ತುದಿ ಕತ್ತರಿಸಿ, ಅದೇ ನದಿ ನೀರಿನ ಹನಿಯಲ್ಲಿ ಇಟ್ಟರಾಯ್ತು. ನಲ್ಲಿ ನೀರು ಬೇಡ, ಉಪ್ಪುನೀರಿನ ಜೀವಿ ಅದರಲ್ಲಿ ತಡೆಯಲ್ಲ. ನೂರು ಪಟ್ಟು ಹಿಗ್ಗಿಸಿ ನೋಡಿದರೆ ಸೋಡಾ ಬಾಟಲಿ ಮುಚ್ಚಳದಂಥವು ಗಿರಗಿರ ತಿರುಗುತ್ತಾ ಕಿವಿರ ಮೇಲೆ ಜಾರುತ್ತಿರುತ್ತವೆ. ನಾಲ್ಕಾರಿದ್ದರೆ ಮೀನಿಗೆ ಏನೂ ಆಗಲ್ಲ. ನೀರು ಕೊಳೆತು ಇವು ಮುತ್ತಿಕೊಂಡರೆ ಕಿವಿರು ಕೆರಳಿ, ಲೋಳೆ ತುಂಬಿ, ಉಸಿರಿಗೇ ಸಂಚಕಾರ. ನೋಡೋಕೆ ಇದಕ್ಕಿಂತ ಚಂದ ಇನ್ನೊಂದಿಲ್ಲ, ಆದರೆ ಯಾವ ಪ್ರಭೇದ ಅಂತ ಕೇಳಿದರೆ ಉತ್ತರ ಸಿಗಲ್ಲ. ಮಾರ್ಕೆಟಿನ ಐಸ್ ಮೀನಲ್ಲಂತೂ ನನಗೆ ಒಂದೂ ಸಿಗಲಿಲ್ಲ.

ಗೀಮ್ಸಾದಲ್ಲಿ ಕುದುರೆ ಲಾಳದಂಥ ದೊಡ್ಡ ನ್ಯೂಕ್ಲಿಯಸ್ ನೇರಳೆಯಾಗಿ ಎದ್ದು ಕಾಣುತ್ತೆ. ಅಷ್ಟೇ.

ಪ್ರಭೇದದ ಗುರುತಿರೋದು ಈ ಜೀವಿ ಕಿವಿರಿಗೆ ಅಂಟುವ ತಟ್ಟೆಯೊಳಗಿನ ಹಲ್ಲಿನ ಬಳೆಯಲ್ಲಿ. ಆ ಹಲ್ಲುಗಳನ್ನು ಎಲ್ಲರೂ ಒಂದೇ ರೀತಿ ಎಣಿಸಿ ಅಳೆಯಬೇಕು ಅಂತ ಜೆಕ್ ವಿಜ್ಞಾನಿ ಲೋಮ್ 1958ರಲ್ಲಿ ಸೂಚಿಸಿದರು. ಅದಕ್ಕೆ ಬೆಳ್ಳಿಯೇ ಬೇಕು: ಸ್ಲೈಡಿಗೆ ತೆಳ್ಳಗೆ ಸವರಿ ಒಣಗಿಸಿದ ಸ್ಮಿಯರ್ ಮೇಲೆ 2% ಸಿಲ್ವರ್ ನೈಟ್ರೇಟ್ ಎಂಟು ನಿಮಿಷ, ಆಮೇಲೆ ತೊಳೆದು, ಬೆಳ್ಳಿ ಕಪ್ಪಾಗಲಿ ಅಂತ ಬಿಸಿಲಿಗೆ. ಮೊದಲ ಹನ್ನೆರಡು ಸ್ಲೈಡಿನ ಮೇಲೆ ಮಜ್ಜಿಗೆ ಚೆಲ್ಲಿದ ಹಾಗಾಯ್ತು. ಅಳಿವೆ ನೀರಿನ ಉಪ್ಪಿಗೆ ಬೆಳ್ಳಿ ಸೇರಿದರೆ ಸಿಲ್ವರ್ ಕ್ಲೋರೈಡ್ ಬಿಳಿಯಾಗಿ ಕೂರುತ್ತೆ ಅನ್ನೋದು ಪಿಯುಸಿ ಪಾಠ, ಆ ಹೊತ್ತಿಗೆ ನೆನಪಾಗಲಿಲ್ಲ. ಈಗ ಒಣಗಿದ ಸ್ಮಿಯರನ್ನು ಡಿಸ್ಟಿಲ್ಡ್ ವಾಟರಿನಲ್ಲಿ ಎರಡು ಸಲ ಅದ್ದಿ ತೆಗೀತೀನಿ. ಹಲ್ಲುಗಳು ಒಂದೊಂದಾಗಿ ಎಣಿಸುವಷ್ಟು ಕಪ್ಪಗೆ ಕಾಣುತ್ತವೆ. ಮಳೆಗಾಲದಲ್ಲಿ ನದಿಯ ಉಪ್ಪು ಇಳಿದು ಈ ತಕರಾರು ಕಮ್ಮಿಯಾಯ್ತು, ಬಿಸಿಲೂ ಮಾಯ. ಲ್ಯಾಬಿನ ಯುವಿ ದೀಪಕ್ಕಾಗಿ ಕ್ಯೂ ನಿಂತೆ.

ಗ್ಲೌಸ್ ಮರೆತ ದಿನ ಬೆರಳೆಲ್ಲ ಕಪ್ಪು. "ಏನ್ಲೇ, ಹತ್ತೂ ಬೆರಳಿಗೆ ವೋಟ್ ಹಾಕಿ ಬಂದೀಯೇನ?" ಅಂದ ಹುಬ್ಬಳ್ಳಿಯ ರೂಮ್‌ಮೇಟ್. ಅವನ ಮಾತಲ್ಲಿ ತಪ್ಪಿಲ್ಲ, ಮೈಸೂರಿನ ಮತದಾನದ ಶಾಯಿಯಲ್ಲಿ ಇರೋದೂ ಇದೇ ಸಿಲ್ವರ್ ನೈಟ್ರೇಟ್.