ಕನ್ನಡ–ಉರ್ದು ಎಸ್‌ಎಂಎಸ್: ಒಟ್ಟಿಗೋ, ಬೇರೆ ಬೇರೆಯೋ?

ದಾವಣಗೆರೆಯ ಸ್ತ್ರೀಶಕ್ತಿ ಸಂಘದ ಸಭೆಯನ್ನು ಎರಡೂ ಭಾಷೆಯಲ್ಲಿ ತಿಳಿಸಬೇಕಿದೆ ಅನ್ನಿ. ಒಟ್ಟಿಗೆ ಕಳಿಸಿದರೆ ನಂಬರುಗಳ ಪಟ್ಟಿ ಒಂದೇ ಸಾಕು, ಆದರೆ ಜಾಗ ಸಾಲದು. ಇಂಗ್ಲಿಷ್ ಅಕ್ಷರಕ್ಕೆ 160ರ ಮಿತಿ. ಕನ್ನಡವೋ ಉರ್ದುವೋ ಬಂತೆಂದರೆ 70, ಸಂದೇಶ ಉದ್ದವಾದರೆ ತುಂಡಿಗೆ 67. ‘ಸ್ತ್ರೀ’ ಅನ್ನುವ ಒಂದಕ್ಷರವೇ ಆರು ಸ್ಥಾನ ನುಂಗುತ್ತದೆ: ಸ, ತ, ರ, ಒತ್ತಕ್ಷರ ಕೂಡಿಸುವ ಎರಡು ಹಲಂತ (್), ದೀರ್ಘದ ಗುರುತು (ೀ). ಮೇಲಾಗಿ ಉರ್ದು ಬಲದಿಂದ ಎಡಕ್ಕೆ ಓಡುವುದರಿಂದ, ಒಂದೇ ಸಾಲಲ್ಲಿ ಬೆರೆಸಿದರೆ ದಿನಾಂಕ, ಸಮಯ ಅದಲುಬದಲಾಗಿ ಕಾಣಬಹುದು. ಪ್ರತಿ ಭಾಷೆಗೂ ಹೊಸ ಸಾಲು ಕೊಡಿ.

ಬೇರೆ ಬೇರೆ, ಅಂದರೆ ಒಬ್ಬೊಬ್ಬರಿಗೂ ಅವರವರ ಭಾಷೆಯಲ್ಲಷ್ಟೇ ಕಳಿಸಿದರೆ, ತುಂಡುಗಳು ಕಡಿಮೆಯಾಗಿ ಖರ್ಚು ಇಳಿಯುತ್ತದೆ, ಓದಲೂ ಸಲೀಸು. ಸಮಯ ಬದಲಾದಾಗ ಮಾತ್ರ ಎರಡನ್ನೂ ತಿದ್ದಲೇಬೇಕು, ಎಡವುವುದು ಇಲ್ಲೇ. ಆದರೂ ನಮ್ಮ ಆಯ್ಕೆ ಇದೇ. ಹೆಸರು ನೋಡಿ ಭಾಷೆ ಊಹಿಸಬೇಡಿ, ಸದಸ್ಯತ್ವದ ಅರ್ಜಿಯಲ್ಲೇ ಕೇಳಿ ಬರೆದುಕೊಳ್ಳಿ.