ವಿಂಡೋಸ್ 7 ಮಷೀನಲ್ಲಿ ಹೊಸ ರೆಕಾರ್ಡಿಂಗ್ ಸಾಫ್ಟ್‌ವೇರ್ ಹಾಕೋ ಮುಂಚೆ ಇದನ್ನ ಓದಿ

ಮನೇಲೇ ಒಂದು ಮೈಕು, ಒಂದು ಆಡಿಯೋ ಇಂಟರ್‌ಫೇಸು (ಮೈಕನ್ನ ಕಂಪ್ಯೂಟರಿಗೆ ಜೋಡಿಸೋ ಡಬ್ಬ) ಇಟ್ಕೊಂಡು ಹಾಡು ರೆಕಾರ್ಡ್ ಮಾಡೋಣ ಅಂತಿರೋರಿಗೆ, ಅದ್ರಲ್ಲೂ ಊರಲ್ಲಿ ವಯಸ್ಸಾದೋರು ಹಾಡೋ ಹಾಡನ್ನ ಹಿಡಿದಿಟ್ಕೋಬೇಕು ಅಂತಿರೋರಿಗೆ ಇದನ್ನ ಬರೀತಿದೀನಿ. ರೀಫರ್ಬಿಶ್ಡ್ ಕಂಪ್ಯೂಟರ್ ಕಮ್ಮಿ ರೇಟಿಗೆ ಸಿಗುತ್ತೆ, ಒಳಗೆ ವಿಂಡೋಸ್ 7 ಹಾಕಿರ್ತಾರೆ, ಕೇಳಿದ್ರೆ "ಮ್ಯೂಸಿಕ್ಕಿಗೆ ಸೆವೆನ್ನೇ ಬೆಸ್ಟು ಸಾರ್, ಟೆನ್ನು ಇಲೆವೆನ್ನು ಸುಮ್ನೆ ಭಾರ" ಅಂತಾರೆ. ಈ ಮಾತು ಹತ್ತು ವರ್ಷದ ಹಿಂದೆ ನಿಜ ಇತ್ತು. ಮೈಕ್ರೋಸಾಫ್ಟ್‌ನೋರು ಸೆವೆನ್‌ಗೆ ಮಾಮೂಲಿ ಸಪೋರ್ಟ್ ಕೊಡೋದನ್ನ 2020ರ ಜನವರಿ 14ಕ್ಕೇ ನಿಲ್ಸಿದಾರೆ, ಆಮೇಲೆ ಬಂದಿರೋ ಮ್ಯೂಸಿಕ್ ಸಾಫ್ಟ್‌ವೇರಲ್ಲಿ ಬಹಳಷ್ಟು ಅದನ್ನ ಲೆಕ್ಕಕ್ಕೇ ಇಟ್ಕೊಂಡಿಲ್ಲ.

ನಾವು ತಗೊಂಡಿದ್ದು ಕೋರ್ 2 ಡ್ಯುಯೋ, 4 ಜಿಬಿ ರ‍್ಯಾಮ್, ವಿಂಡೋಸ್ 7 64 ಬಿಟ್. ನಮ್ಮ ದೊಡ್ಡಮ್ಮ ಮತ್ತೆ ಅವರ ಜೊತೆಯವರು ಹಾಡೋ ಸೋಬಾನೆ ಪದ ರೆಕಾರ್ಡ್ ಮಾಡೋಕೆ ಬೇಕು, ಇಂಥಾ ಸಾಫ್ಟ್‌ವೇರ್ ಹಾಕ್ತೀವಿ, ಇಂಥಾ ಇಂಟರ್‌ಫೇಸ್ ಇದೆ ಅಂತ ಅಂಗಡೀಲಿ ಎಲ್ಲಾ ಬಿಡಿಸಿ ಹೇಳಿದ್ವಿ. ಆರಾಮಾಗಿ ಓಡುತ್ತೆ, ನಾವೇ ಹಾಕಿ ಕೊಡ್ತೀವಿ ಅಂದ್ರು. ಹಾಕಿನೂ ಕೊಟ್ರು. ಹೇಗೆ ಹಾಕಿದ್ರು ಅನ್ನೋದು ಆಮೇಲೆ ಒಂದೊಂದಾಗಿ ಗೊತ್ತಾಯ್ತು.

ಮೊದಲ್ನೇದು ಡಿಎಲ್‌ಎಲ್, ಅಂದ್ರೆ ಸಾಫ್ಟ್‌ವೇರ್ ಓಡೋಕೆ ಬೇಕಾದ ಸಹಾಯಕ ಫೈಲು. ಹೊಸ ಸಾಫ್ಟ್‌ವೇರನ್ನ ಅಪ್‌ಡೇಟ್ ಆಗದ ಸೆವೆನ್ ಮೇಲೆ ಓಪನ್ ಮಾಡಿದ್ರೆ 'ಎಪಿಐ-ಎಂಎಸ್-ವಿನ್-ಸಿಆರ್‌ಟಿ' ಅಂತ ಶುರುವಾಗೋ ಯಾವುದೋ ಫೈಲ್ ಇಲ್ಲ ಅನ್ನೋ ಎರರ್ ಬರುತ್ತೆ. ಇದು ತುಂಬಾ ಹಳೇ ಕಾಯಿಲೆ, ಔಷಧಿನೂ ಇದೆ. ಸರ್ವಿಸ್ ಪ್ಯಾಕ್ 1 ಇರಬೇಕು, ಅದರ ಮೇಲೆ ಕೆಬಿ2999226 ಅನ್ನೋ ಮೈಕ್ರೋಸಾಫ್ಟ್ ಅಪ್‌ಡೇಟ್ ಹಾಕ್ಬೇಕು, ಅಷ್ಟೇ. ಅಂಗಡಿ ಹುಡುಗ ಏನ್ ಮಾಡಿದ್ದ ಅಂದ್ರೆ ಫ್ರೀಯಾಗಿ ಡಿಎಲ್‌ಎಲ್ ಹಂಚೋ ಯಾವುದೋ ಸೈಟಿಂದ ಬಿಡಿ ಬಿಡಿ ಫೈಲ್ ಇಳಿಸಿ ಸಿಸ್ಟಮ್32 ಫೋಲ್ಡರಿಗೆ ತುಂಬಿದ್ದ. ಎಲ್ಲಿಂದ ಬಂತು, ಒಳಗೇನಿದೆ, ದೇವರಿಗೇ ಗೊತ್ತು. ಸೆಕ್ಯುರಿಟಿ ಅಪ್‌ಡೇಟೇ ಬರದ ಮಷೀನಿಗೆ ಹಿಂಗೆ ಮಾಡೋದು ನಿಜಕ್ಕೂ ಅಪಾಯ, ಯಾರೇ ಮಾಡ್ತೀನಿ ಅಂದ್ರೂ ಬಿಡಬೇಡಿ.

ಎರಡ್ನೇದು ಡ್ರೈವರ್, ಅಂದ್ರೆ ಇಂಟರ್‌ಫೇಸ್ ಜೊತೆ ವಿಂಡೋಸ್ ಮಾತಾಡೋಕೆ ಬೇಕಾದ ಸಾಫ್ಟ್‌ವೇರ್. ಅದು ಅಸಲಿ ಅಂತ ತೋರಿಸೋಕೆ ಅದರಲ್ಲಿ ಡಿಜಿಟಲ್ ಸಹಿ ಇರುತ್ತೆ. 2019ರ ಹೊತ್ತಿಗೆ ಮೈಕ್ರೋಸಾಫ್ಟ್ ಡಿಜಿಟಲ್ ಸಹಿಯನ್ನ ಎಸ್‌ಎಚ್‌ಎ-2 ಅನ್ನೋ ಪದ್ಧತಿಗೆ ಬದಲಾಯಿಸ್ತು, ಅದನ್ನ ಸೆವೆನ್ ಸರಿಯಾಗಿ ಗುರುತು ಹಿಡೀಬೇಕು ಅಂದ್ರೆ ಕೆಬಿ4474419 ಮತ್ತೆ ಕೆಬಿ4490628 ಬೇಕು. ಇಲ್ಲಾಂದ್ರೆ ಡಿವೈಸ್ ಮ್ಯಾನೇಜರಲ್ಲಿ ಇಂಟರ್‌ಫೇಸ್ ಹೆಸರಿನ ಮೇಲೆ ಹಳದಿ ಗುರುತು, ಕೆಳಗೆ ಕೋಡ್ 52, ಸಹಿ ಪರಿಶೀಲನೆ ಆಗ್ತಿಲ್ಲ ಅಂತ. ಅದಕ್ಕೂ ಅವರು ಅಡ್ಡದಾರಿನೇ ಹಿಡಿದಿದ್ರು, ಬೂಟ್ ಆಗೋವಾಗ ಎಫ್8 ಒತ್ತಿ ಸಹಿ ಚೆಕ್ ಮಾಡೋದನ್ನೇ ಆಫ್ ಮಾಡೋದು. ಆದ್ರೆ ಅದು ಆ ಒಂದು ಸಲಕ್ಕೆ ಮಾತ್ರ, ಮತ್ತೆ ಆನ್ ಮಾಡಿದಾಗ ಮತ್ತೆ ಒತ್ತಬೇಕು. ಅಂಗಡೀಲಿ ತೋರಿಸ್ದಾಗ ಚೆನ್ನಾಗೇ ಓಡ್ತಿತ್ತು, ಮನೆಗೆ ತಂದು ಆನ್ ಮಾಡಿದ್ರೆ ಮೈಕೇ ಇಲ್ಲ. ಫೋನ್ ಮಾಡಿದ್ರೆ "ದಿನಾ ಎಫ್8 ಒತ್ತಿ ಸಾರ್, ಎಲ್ರೂ ಹಂಗೇ ಮಾಡೋದು". ಸೆವೆನ್‌ಗೆ ಇನ್ನೊಂದು ತೊಂದ್ರೆನೂ ಇದೆ, ಡ್ರೈವರ್ ಬೇಡ, ಚುಚ್ಚಿದ್ರೆ ಸಾಕು ಅನ್ನೋ ಯುಎಸ್‌ಬಿ ಆಡಿಯೋ 2.0 ಇಂಟರ್‌ಫೇಸ್‌ಗಳು ಅದರಲ್ಲಿ ತಾವಾಗಿ ಓಡಲ್ಲ, ಆ ಅನುಕೂಲ ವಿಂಡೋಸಿಗೆ ಬಂದಿದ್ದು 2017ರ ವಿಂಡೋಸ್ 10 ಅಪ್‌ಡೇಟಲ್ಲಿ.

ಪ್ಲಗಿನ್, ಅಂದ್ರೆ ರೆಕಾರ್ಡಿಂಗ್ ಸಾಫ್ಟ್‌ವೇರ್ ಒಳಗೆ ಸೇರಿಸ್ಕೊಳ್ಳೋ ಪುಟ್ಟ ಸಾಫ್ಟ್‌ವೇರ್, ಅದರ ವಿಷ್ಯ ಚಿಕ್ಕದಾಗಿ ಹೇಳ್ತೀನಿ. ದನಿಗೆ ಪ್ರತಿಧ್ವನಿ ಸೇರಿಸೋ ಹೊಸ ರಿವರ್ಬ್ ಪ್ಲಗಿನ್ ಒಂದನ್ನ ಸ್ಕ್ಯಾನ್ ಮಾಡೋವಾಗ ಸಾಫ್ಟ್‌ವೇರ್ ಎರರ್ ಕೂಡ ತೋರಿಸ್ದೆ ಮಾಯ ಆಗ್ತಿತ್ತು. ಕಾರಣ ಎವಿಎಕ್ಸ್. ಇದು ಪ್ರೊಸೆಸರ್ ಒಳಗೇ ಇರೋ ಲೆಕ್ಕ ಮಾಡೋ ಸೌಲಭ್ಯ, ಇಂಟೆಲ್‌ನಲ್ಲಿ 2011ರ ಸ್ಯಾಂಡಿ ಬ್ರಿಡ್ಜ್‌ನಿಂದ ಬಂತು, ಕೋರ್ 2 ಡ್ಯುಯೋದಲ್ಲಿ ಇಲ್ಲವೇ ಇಲ್ಲ. ಎವಿಎಕ್ಸ್ ಬೇಕೇ ಬೇಕು ಅನ್ನೋ ಪ್ಲಗಿನ್ನು ಅಂಥಾ ಮಷೀನಲ್ಲಿ ಏನ್ ಮಾಡಿದ್ರೂ ಓಡಲ್ಲ, ರ‍್ಯಾಮ್ ಜಾಸ್ತಿ ಮಾಡಿದ್ರೂ ಇಲ್ಲ, ಎಸ್‌ಎಸ್‌ಡಿ ಹಾಕಿದ್ರೂ ಇಲ್ಲ. ಸಿಪಿಯು-ಝಡ್ ಅನ್ನೋ ಫ್ರೀ ಸಾಫ್ಟ್‌ವೇರಲ್ಲಿ ಪ್ರೊಸೆಸರ್‌ಗೆ ಏನೇನು ಬರುತ್ತೆ ಅನ್ನೋ ಸಾಲು ನೋಡಿದ್ರೆ ಇದು ಅರ್ಧ ನಿಮಿಷದಲ್ಲಿ ಗೊತ್ತಾಗುತ್ತೆ.

ಇವೆಲ್ಲ ಎದುರಿಗೇ ಕಾಣೋ ತೊಂದ್ರೆ, ಎರರ್ ಬರುತ್ತೆ, ಗೂಗಲ್ ಮಾಡ್ತೀವಿ, ಸರಿ ಹೋಗುತ್ತೆ ಅಥವಾ ಕೈಬಿಡ್ತೀವಿ. ನನಗೆ ಹೊಟ್ಟೆ ಉರಿಯೋದು ಕಾಣದೇ ಇದ್ದ ತೊಂದ್ರೆಗೆ.

ರೆಕಾರ್ಡಿಂಗ್ ಹೇಗೆ ನಡೆಯುತ್ತೆ ಅಂದ್ರೆ, ನಲ್ಲಿ ಕೆಳಗೆ ಬಿಂದಿಗೆ ಇಟ್ಟಂಗೆ. ಒಂದು ತುಂಬೋದ್ರೊಳಗೆ ಅದನ್ನ ಎತ್ತಿ ಇನ್ನೊಂದು ಇಡಬೇಕು, ಆ ಬಿಂದಿಗೆನೇ ಬಫರ್. 44.1 ಕಿಲೋಹರ್ಟ್ಸ್‌ನಲ್ಲಿ, ಅಂದ್ರೆ ಸೆಕೆಂಡಿಗೆ ದನಿಯ 44,100 ಅಳತೆ (ಸ್ಯಾಂಪಲ್) ತಗೊಳ್ಳೋವಾಗ, ಬಫರ್ 128 ಸ್ಯಾಂಪಲ್ ಇಟ್ರೆ ಹತ್ರ ಹತ್ರ 3 ಮಿಲಿಸೆಕೆಂಡಿಗೊಂದು ಸಲ ಕಂಪ್ಯೂಟರ್ ಬಂದು ಎತ್ಕೋಬೇಕು, 1024 ಇಟ್ರೆ 23 ಮಿಲಿಸೆಕೆಂಡು ಟೈಮ್ ಸಿಗುತ್ತೆ. ಜಾಸ್ತಿ ಇಟ್ರೆ ಸೇಫು, ಆದ್ರೆ ಸಾಫ್ಟ್‌ವೇರ್ ಮೂಲಕ ಹೆಡ್‌ಫೋನಲ್ಲಿ ತನ್ನ ದನಿ ಕೇಳ್ಕೊಂಡು ಹಾಡೋರಿಗೆ ಅದು ತಡವಾಗಿ ಬರುತ್ತೆ, ತಾಳ ಎಳೆದುಬಿಡ್ತಾರೆ. ಅಂಗಡಿಯೋರು 128ಕ್ಕೆ ಸೆಟ್ ಮಾಡಿ, ಇದನ್ನ ಮುಟ್ಟಬೇಡಿ ಅಂದಿದ್ರು. ಆ ಮಷೀನಲ್ಲಿ ವೈಫೈ ಡ್ರೈವರ್ರು ಹಳೇದು, ಮಧ್ಯೆ ಮಧ್ಯೆ ಬಂದು ಪ್ರೊಸೆಸರನ್ನ ಹಿಡ್ಕೊಂಡು ಕೂರ್ತಿತ್ತು. ಆಮೇಲೆ ಲೇಟೆನ್ಸಿಮಾನ್ ಅನ್ನೋ, ಇಂಥಾ ತಡ ಅಳೆಯೋ ಟೂಲ್ ಹಾಕಿದಾಗ ಅದನ್ನ ಕೆಂಪು ಅಕ್ಷರದಲ್ಲಿ ತೋರಿಸ್ತು. ಅಷ್ಟು ಹೊತ್ತಲ್ಲಿ ಬಿಂದಿಗೆ ತುಂಬಿ ಚೆಲ್ಲೇ ಹೋಗಿರುತ್ತೆ, ಚೆಲ್ಲಿದ್ದು ದನಿ.

ಪ್ಲೇ ಮಾಡೋವಾಗ ಮಾತ್ರ ಕರಕರ ಅಂದ್ರೆ ಅಷ್ಟು ಚಿಂತೆ ಇಲ್ಲ, ಫೈಲ್ ಸರಿಯಾಗೇ ಇರಬಹುದು. ರೆಕಾರ್ಡ್ ಆಗೋವಾಗಲೇ ಸ್ಯಾಂಪಲ್ ಬಿಟ್ಟುಹೋದ್ರೆ ಅದು ಫೈಲಲ್ಲೇ ಇಲ್ಲ, ಯಾವ ಪ್ಲಗಿನ್ನೂ ವಾಪಸ್ ತರಲ್ಲ. ಐದಾರು ಜನ ಹೆಂಗಸರು ಒಟ್ಟಿಗೆ ಹಾಡ್ತಿದ್ರೆ ಆ ಸಣ್ಣ ಟಿಕ್ಕು ಬಳೆ ಸದ್ದಲ್ಲಿ ಸೇರ್ಕೊಂಡುಬಿಡುತ್ತೆ. ನಮಗೆ ಗೊತ್ತಾಗಿದ್ದು ವಿಡಿಯೋದಿಂದ. ತಂಗಿ ಪಕ್ಕದಲ್ಲೇ ಫೋನಲ್ಲಿ ಶೂಟ್ ಮಾಡಿದ್ಲು, ಆ ವಿಡಿಯೋಗೆ ಮೈಕಿನ ಆಡಿಯೋ ಕೂರಿಸೋಣ ಅಂತ ಹೋದ್ರೆ ಶುರೂಲಿ ಸರಿಯಾಗಿ ಕೂತಿದ್ದು ಹೋಗ್ತಾ ಹೋಗ್ತಾ ತುಟಿ ಒಂದು ಕಡೆ ದನಿ ಒಂದು ಕಡೆ. ಮೈಕಿನ ಫೈಲೇ ಗಿಡ್ಡ ಇತ್ತು! ದೊಡ್ಡದು ಮಾಡಿ ನೋಡಿದ್ರೆ ನುಣ್ಣಗೆ ಏರಿ ಇಳಿಯೋ ಗೆರೆ ಒಂದು ಕಡೆ ಕತ್ತರಿಸ್ದಂಗೆ ನೆಟ್ಟಗೆ ಕೆಳಗಿಳಿದು ಬೇರೆ ಎಲ್ಲಿಂದಲೋ ಶುರುವಾಗಿದೆ. 'ಸೋಬಾನೆ' ಅಂತ ಎಳೆದು ಹಾಡೋ ಜಾಗದಲ್ಲಿ 'ಬಾ'ದ ಮಧ್ಯವೇ ಇಲ್ಲ. ಇಂಥದ್ದು ಹಾಡಿನುದ್ದಕ್ಕೂ. ಫೋನಿನ ಆಡಿಯೋದಿಂದ ತೇಪೆ ಹಾಕಿ ಕೆಲವು ಹಾಡು ಉಳಿಸ್ಕೊಂಡ್ವಿ, ಆದ್ರೆ ತೇಪೆ ತೇಪೆನೇ, ದನಿಯ ಬಣ್ಣ ಬದಲಾಗೋದು ಕಿವಿಗೆ ಹೊಡೆಯುತ್ತೆ. ಆ ಗುಂಪಲ್ಲಿ ಮುಮ್ಮೇಳ ಹಿಡೀತಿದ್ದ ಅಜ್ಜಿ ಈಗ ಮಗಳ ಮನೆ ಸೇರಿದಾರೆ, ಉಸಿರು ಸಾಲಲ್ಲ, ಹಾಡಿಸೋಕೆ ಮನಸ್ಸು ಬರಲ್ಲ.

ಅಂಗಡಿಗೆ ಹೋಗಿ ಕೇಳಿದ್ರೆ ಮಷೀನ್ ಆನ್ ಆಗ್ತಿದೆ ತಾನೇ, ಸಾಫ್ಟ್‌ವೇರ್ ಓಪನ್ ಆಗ್ತಿದೆ ತಾನೇ, ಇನ್ನೇನು ಅಂದ್ರು. ಬಿಲ್ಲಲ್ಲಿ ಬರೀ ಕಂಪ್ಯೂಟರ್ ಅಂತ ಇತ್ತು.

ಕೈಲಿರೋದು ಹಳೇ ಮಷೀನೇ, ಹೊಸದು ತಗೊಳ್ಳೋ ಶಕ್ತಿ ಸದ್ಯಕ್ಕಿಲ್ಲ ಅನ್ನೋರು ತುಂಬಾ ಜನ ಇದಾರೆ, ಅವರು ಹಾಡು ಬಿಟ್ಟುಬಿಡಿ ಅಂತ ನಾನು ಹೇಳಲ್ಲ. ಹಳೇ ಸಿಸ್ಟಮಿಗೆ ಹಳೇ ಕಾಲದ್ದೇ ಸಾಫ್ಟ್‌ವೇರ್ ಹಾಕಿ, ಬಹಳಷ್ಟು ಕಂಪನಿಗಳು ಹಳೇ ವರ್ಷನ್ ಇನ್ನೂ ಇಟ್ಟಿರ್ತಾರೆ. ರೀಪರ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್ ಹಗುರ ಇದೆ, 60 ದಿನ ಟ್ರಯಲ್ ನೋಡಬಹುದು. ಲಿನಕ್ಸ್ ಗೊತ್ತಿದ್ರೆ ಉಬುಂಟು ಸ್ಟುಡಿಯೋ ಅನ್ನೋ ಸಿಸ್ಟಮ್, ಆರ್ಡರ್ (Ardour) ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್ ಇವೆ. ಇಂಟರ್‌ಫೇಸ್ ಮೇಲೆ ಡೈರೆಕ್ಟ್ ಮಾನಿಟರ್ ಬಟನ್ (ಮೈಕಿನ ದನಿಯನ್ನ ಕಂಪ್ಯೂಟರಿಗೆ ಹೋಗಿ ಬರದೆ ನೇರ ಹೆಡ್‌ಫೋನಿಗೆ ಕೊಡೋದು) ಇದ್ರೆ ಅದನ್ನ ಒತ್ತಿ, ಬಫರ್ 1024ಕ್ಕೆ ಏರಿಸಿ, ಆಗ ಹಾಡೋರಿಗೆ ತಡ ಆಗಲ್ಲ, ಕಂಪ್ಯೂಟರಿಗೂ ಉಸಿರಾಡೋಕೆ ಟೈಮ್ ಸಿಗುತ್ತೆ. ರೆಕಾರ್ಡ್ ಮಾಡೋವಾಗ ವೈಫೈ ಆಫ್ ಮಾಡಿ, ಒಂದು ಪ್ಲಗಿನ್ನೂ ಹಾಕ್ಬೇಡಿ. ಬ್ಯಾಟರಿ ಮೇಲೆ ಓಡೋ ಕೈ ರೆಕಾರ್ಡರ್ ಯಾರ ಹತ್ರನಾದ್ರೂ ಇದ್ರೆ ಇನ್ನೂ ಒಳ್ಳೇದು, 24 ಬಿಟ್ 48 ಕಿಲೋಹರ್ಟ್ಸ್ ಡಬ್ಲ್ಯುಎವಿ (WAV) ಫೈಲಲ್ಲಿ ಹಿಡಿದು ಕಂಪ್ಯೂಟರನ್ನ ಎಡಿಟಿಂಗಿಗೆ ಮಾತ್ರ ಬಳಸಿ, ಎಡಿಟಿಂಗಲ್ಲಿ ನಿಂತುಹೋದ್ರೆ ಹಾಡೇನೂ ಕಳೆದುಹೋಗಲ್ಲ.

ಬೇರೆಯೋರಿಗೆ ಮಿಕ್ಸಿಂಗಿಗೆ ಕಳಿಸೋದಾದ್ರೆ ಪ್ರಾಜೆಕ್ಟ್ ಫೈಲ್ ಒಂದನ್ನೇ ಕಳಿಸಬೇಡಿ, ಹೊಸ ವರ್ಷನಲ್ಲಿ ಸೇವ್ ಆಗಿದ್ದು ಹಳೇದ್ರಲ್ಲಿ ತೆರೆಯುತ್ತೆ ಅನ್ನೋ ಖಾತ್ರಿ ಇಲ್ಲ. ಒಂದೊಂದು ಟ್ರ್ಯಾಕನ್ನೂ ಸೊನ್ನೆ ಸೆಕೆಂಡಿಂದ ಶುರು ಮಾಡಿ ಡಬ್ಲ್ಯುಎವಿಯಾಗಿ ತೆಗೆದು ಕೊಡಿ.

ವಿಂಡೋಸ್ 10 ಇರೋರೂ ನೋಡ್ಕೊಳ್ಳಿ, ಅದಕ್ಕೂ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಸಪೋರ್ಟ್ ಮುಗೀತು. ನಾಳೆಯೇ ನಿಂತುಹೋಗಲ್ಲ, ಆದ್ರೆ ಚೆನ್ನಾಗಿ ಓಡ್ತಿರೋ ಸಾಫ್ಟ್‌ವೇರನ್ನ ಅಪ್‌ಡೇಟ್ ಬಂತು ಅಂತ ತಕ್ಷಣ ಒತ್ತಬೇಡಿ, ಹಳೇ ಇನ್‌ಸ್ಟಾಲರ್ ಪೆನ್‌ಡ್ರೈವಲ್ಲಿ ಇಟ್ಕೊಳ್ಳಿ. ಮ್ಯಾಕ್‌ನೋರಿಗೂ ಇದೇ ಕಥೆ, 2019ರ ಕ್ಯಾಟಲೀನಾಗೆ ಹೋದ ದಿನ ಅವರ 32 ಬಿಟ್ ಪ್ಲಗಿನ್ ಎಲ್ಲಾ ಒಂದೇ ಏಟಿಗೆ ಹೋದ್ವು.

ಸೆಕೆಂಡ್ ಹ್ಯಾಂಡ್ ತಗೊಳ್ಳೋಕೆ ಹೋದ್ರೆ ನಿಮ್ಮ ಇಂಟರ್‌ಫೇಸು, ಮೈಕು ಎತ್ಕೊಂಡೇ ಹೋಗಿ. ಅಂಗಡೀಲೇ ಮಷೀನನ್ನ ಆಫ್ ಮಾಡಿಸಿ ಮತ್ತೆ ಆನ್ ಮಾಡಿಸಿ, ಯಾವ ಎಫ್8ನೂ ಒತ್ತಿಸದೆ ಮೈಕ್ ಬರುತ್ತಾ ನೋಡಿ. ಲೇಟೆನ್ಸಿಮಾನ್ ಓಡಿಸಿ. ಅರ್ಧ ಗಂಟೆ ಬಿಡದೆ ರೆಕಾರ್ಡ್ ಮಾಡಿ, ಪಕ್ಕದಲ್ಲಿ ಫೋನಲ್ಲೂ ಮಾಡಿ, ಶುರೂಲೊಂದು ಕೊನೇಲೊಂದು ಚಪ್ಪಾಳೆ ಹೊಡೆದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕೂದಲೆಳೆಯಷ್ಟು ವ್ಯತ್ಯಾಸ ಯಾವ ಎರಡು ಮಷೀನಿಗಾದ್ರೂ ಇರುತ್ತೆ, ಆದ್ರೆ ಕೊನೆ ಚಪ್ಪಾಳೆ ಕಿವಿಗೇ ಬೇರೆ ಬೇರೆಯಾಗಿ ಕೇಳೋಷ್ಟು ದೂರ ಹೋಗಿದ್ರೆ ದುಡ್ಡು ಕೊಡಬೇಡಿ. ಕೊಟ್ರೆ, ಯಾವ ಸಾಫ್ಟ್‌ವೇರಿಗೆ, ಯಾವ ಇಂಟರ್‌ಫೇಸಿಗೆ ಅಂತ ಮಾರಿದ್ದು ಅನ್ನೋದನ್ನ ಬಿಲ್ಲಲ್ಲಿ ಬರೆಸ್ಕೊಳ್ಳಿ.